ದುಧನಿ ತುಳಜಾಬಾಯಿಯ ಕ್ಯಾಸೆಟ್ಟುಗಳು

"ಮಾವಶಿ, ಇದನ್ನ ಇನ್ನೊಮ್ಮೆ ಹಚ್ಚಲಿ?" ಪ್ರಾಜಕ್ತಾ ಕೇಳಿದಳು.

ನೀಲಾಬಾಯಿ ಬೇಡವೆಂದು ಕೈಯಾಡಿಸಿದಳು. ಅಕ್ಕಲಕೋಟದಿಂದ ಬರುವಾಗ ಎಸ್ಟಿ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿರಲಿಲ್ಲ. ಮೊಣಕಾಲು ಇನ್ನೂ ಹಿಡಿದುಕೊಂಡೇ ಇತ್ತು. "ತಿಳೀತು. ನಾಟಕ ಕಂಪನಿ ಹೋಟಗಿಯೊಳಗ ಇತ್ತಂತ. ಗಾಡಿ ಬಿಡೂ ಹೊತ್ತಾದ್ರೂ ಸ್ಟೇಶನ್ ಮಾಸ್ತರ ನಾಟಕ ಬಿಟ್ಟು ಏಳಲಿಲ್ಲಂತ. ಬರಕೋ."

ಪ್ರಾಜಕ್ತಾ ನಕ್ಕು ಕಂಪ್ಯೂಟರಿನಲ್ಲಿ ಬರೆದುಕೊಂಡಳು. ಸೊಲ್ಲಾಪುರದ ನಾಟ್ಯಗೃಹವೊಂದರ ಹಿಂದೆ ಹೊಸದಾಗಿ ಶುರುವಾದ ಸಂಗ್ರಹಾಲಯದಲ್ಲಿ ಅವಳಿಗೆ ಕೆಲಸ. ಅವಳ ಮನೆಯಿಂದ ಕನ್ನಡ ಅಜ್ಜಿಯ ಜೊತೆಗೇ ಹೋಗಿಬಿಟ್ಟಿತ್ತು. ತೀರಿಕೊಂಡ ಕಂಪನಿ ನಟಿ ತುಳಜಾಬಾಯಿ ಕ್ಯಾಸೆಟ್ಟಿನಲ್ಲಿ ಮಾತಾಡಿದ್ದೆಲ್ಲ ಕನ್ನಡ. ಹೀಗಾಗಿ ನೀಲಾಬಾಯಿ ವಾರಕ್ಕೊಮ್ಮೆ ಬಂದು, ಕ್ಯಾಸೆಟ್ಟಿನ ಮಾತನ್ನು ತುಸು ತುಸುವಾಗಿ ಕೇಳಿ, ಮರಾಠಿಯಲ್ಲಿ ತಿರುಗಿಸಿ ಹೇಳಬೇಕಿತ್ತು. ಇಬ್ಬರ ನಡುವಿನ ಮಾತೂ ಮರಾಠಿಯಲ್ಲೇ; ಪ್ರಾಜಕ್ತಾ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು.

ಗೋಡೆಯ ಪಕ್ಕದ ಗಾಜಿನ ಕಪಾಟಿನಲ್ಲಿ ತುಳಜಾಬಾಯಿಯ ಜರಿ ಕುಪ್ಪಸ, ತಗಡಿನ ಕಿರೀಟ, ಬಣ್ಣದ ಡಬ್ಬಿ. ಎಲ್ಲಕ್ಕೂ ನಂಬರಿನ ಚೀಟಿ ಕಟ್ಟಿದ್ದರು. ಮನೆಯಲ್ಲಿದ್ದಾಗ ಹಳೇ ಬಟ್ಟೆಯ ಹಾಗೆ ಕಾಣುತ್ತಿದ್ದ ಆ ಕುಪ್ಪಸ ಇಲ್ಲಿ ಯಾರದೋ ಅನಿಸುತ್ತಿತ್ತು. ಸಾಮಾನು ಒಯ್ಯಲು ಬಂದವರು, "ನೀವು ಅವರಿಗೆ ಏನಾಗಬೇಕು?" ಎಂದು ಕೇಳಿದಾಗ ನೀಲಾಬಾಯಿ "ತಂಗಿ" ಎಂದಿದ್ದಳು. ಹಾಗೆ ಹೇಳಿ ಹೇಳಿ ಬಾಯಿಗೆ ಅದೇ ರೂಢಿಯಾಗಿತ್ತು.

ತುಳಜಾಬಾಯಿ ರಾಣಿಯ ಪಾರ್ಟು ಮಾಡುತ್ತಿದ್ದ ಕಾಲಕ್ಕೆ ಅವಳಿಗೆ ಹುಟ್ಟಿದವಳು ನೀಲಾಬಾಯಿ. ಮಗುವಿನ ತಾಯಿಯೆಂದು ಗೊತ್ತಾದರೆ ಜನ ರಾಣಿಯೆಂದು ಒಪ್ಪುವುದಿಲ್ಲ ಎಂದನಂತೆ ಕಂಪನಿಯ ಮಾಲಕ. ಕೂಸನ್ನು ದುಧನಿಯಲ್ಲಿ ಅಜ್ಜಿ ಹಣಮವ್ವ ತನ್ನ ಕಡೆಯ ಮಗಳೆಂದು ಬೆಳೆಸಿದಳು. ಮಾತು ಕಲಿಸುವಾಗಲೇ "ಅಕ್ಕ" ಅನ್ನಲು ಕಲಿಸಿದಳು. ಕಂಪನಿ ಮುಚ್ಚಿತು, ಮಾಲಕ ಸತ್ತ, ಹಣಮವ್ವನೂ ಹೋದಳು. ಗಂಡ ತೀರಿಕೊಂಡ ಮೇಲೆ ನೀಲಾಬಾಯಿ ಅಕ್ಕಲಕೋಟದ ಮನೆಗೆ ಬಂದು ತುಳಜಾಬಾಯಿಯ ಜೊತೆಗೇ ಉಳಿದಳು. ಆದರೂ ಅಕ್ಕ ಅಕ್ಕನಾಗಿಯೇ ಉಳಿದಳು. ಹಾಸಿಗೆ ಹಿಡಿದ ಮೇಲೆ ಮೈ ತೊಳೆದದ್ದು, ಗಂಜಿ ಕುಡಿಸಿದ್ದು, ಹೇಲು ಉಚ್ಚೆ ತೆಗೆದದ್ದು ಎಲ್ಲ ನೀಲಾಬಾಯಿಯೇ. ಡಾಕ್ಟರ ಮುಂದೆಯೂ ತುಳಜಾಬಾಯಿ, "ನನ್ನ ತಂಗಿ ಭಾಳ ಮಾಡ್ತಾಳ್ರಿ" ಎನ್ನುತ್ತಿದ್ದಳು. ಕಡೆಯ ದಿನದವರೆಗೂ ಅಷ್ಟೇ.

ಅವಳ ಮಾತನ್ನು ಆ ಕ್ಯಾಸೆಟ್ಟುಗಳಲ್ಲಿ ತುಂಬಿಸಿಕೊಂಡು ಹೋದದ್ದು ಕಲಬುರಗಿಯ ಒಬ್ಬ ಪ್ರಾಧ್ಯಾಪಕರು. ನಲವತ್ತು ವರ್ಷದ ಹಿಂದಿನ ಮಾತು. ಆಗ ನೀಲಾಬಾಯಿ ಒಲೆಯ ಮುಂದಿದ್ದಳು. ಪಡಸಾಲೆಯ ನಗು ಮಾತ್ರ ಕೇಳುತ್ತಿತ್ತು. ಇಲ್ಲಿಗೆ ಬಂದು ಹೇಳಿಕೊಡುತ್ತೀರಾ ಎಂದು ಪ್ರಾಜಕ್ತಾ ಫೋನು ಮಾಡಿದಾಗ ಕೂಡಲೇ ಹೂಂ ಎಂದದ್ದು ಆ ಕಾರಣಕ್ಕೇ. ಮನೆಯಲ್ಲಿ ಆಡದ ಮಾತನ್ನು ಹೊರಗಿನವರ ಮುಂದೆ ಎಲ್ಲಿಯಾದರೂ ಆಡಿದ್ದಾಳು ಅನಿಸಿತ್ತು.

"ಮುಂದ ಹಚ್ಚು," ಎಂದಳು ನೀಲಾಬಾಯಿ.

ಸ್ಪೀಕರಿನಲ್ಲಿ ಮೊದಲು ಕರಕರ ಸದ್ದು, ಆಮೇಲೆ ಪ್ರಾಧ್ಯಾಪಕರ ಮೆಲ್ಲನೆಯ ದನಿ. "ಬಾಯಾರ, ಮಕ್ಕಳೆಷ್ಟು ನಿಮಗ?"

"ನನಗೆಲ್ಲಿ ಮಕ್ಕಳ್ರಿ ಸಾಹೇಬ್ರ," ತುಳಜಾಬಾಯಿ ನಕ್ಕಳು. ರಂಗದ ಮೇಲಿನ ತುಂಬಿದ ನಗು. "ಮಾರಿಗಿ ಬಣ್ಣ ಹಚ್ಚಿದಾಕಿಗಿ ಮಕ್ಕಳ ಹಂಬಲ ಇರಬಾರದ್ರಿ. ಹಡದಿಲ್ಲ, ಆ ಜಂಜಾಟ ಬ್ಯಾಡಾಗಿತ್ತು."

ಪ್ರಾಜಕ್ತಾ ನಿಲ್ಲಿಸಿ ಕಾಯುತ್ತ ಕುಳಿತಳು. ನೀಲಾಬಾಯಿ ಕಿಟಕಿಯ ಕಡೆ ನೋಡಿದಳು. ಹೊರಗೆ ಯಾರೋ ಒಂದು ಲೂನಾ ಮೊಪೆಡ್ಡಿಗೆ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಎದೆಯಲ್ಲಿ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ. ಬರೀ ದಣಿವು, ದೂರದಿಂದ ಹೊತ್ತು ತಂದ ಕೊಡ ಇಳಿಸಿದ ಮೇಲೂ ಉಳಿಯುವಂಥದು.

"ಏನಂದ್ರು, ಮಾವಶಿ?"

ಬೇರೆ ಏನಾದರೂ ಹೇಳಬಹುದಿತ್ತು. ಈ ಕೋಣೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ. "ಮಕ್ಕಳಿಲ್ಲ ಅಂದ್ಲು," ಎಂದಳು ನೀಲಾಬಾಯಿ. "ಹಡದಿಲ್ಲ, ಬ್ಯಾಡಾಗಿತ್ತು ಅಂತ." ಪ್ರಾಜಕ್ತಾ ಬರೆದುಕೊಂಡಳು.

"ಇವತ್ತಿಗಿ ಸಾಕು ಮಾಡೂಣೇನು? ನಿಮಗ ದಣಿವಾಗಿರಬೇಕು."

"ಇರೂದು ಇನ್ನೇನು ಸ್ವಲ್ಪ. ಮುಗಿಸಿಬಿಡು."

ಕ್ಯಾಸೆಟ್ಟಿನಲ್ಲಿ ಬಾಗಿಲು ಕಿರ್ರೆಂದಿತು. ಬಸಿಯ ಮೇಲೆ ಕಪ್ಪು ಅಲುಗಾಡಿದ ಸದ್ದು, ಬಳೆಯ ಸದ್ದು; ಚಹಾ ಇಟ್ಟು ಒಲೆಯ ಕಡೆ ಹೊರಟ ನೀಲಾಬಾಯಿಯದೇ. "ಈಕಿ ಯಾರ್ರಿ ಬಾಯಾರ?" ಎಂದರು ಪ್ರಾಧ್ಯಾಪಕರು.

ತುಳಜಾಬಾಯಿ ಮಾತಿಗೆ ಎಂದೂ ತಡವರಿಸದ ಹೆಂಗಸು. ಈಗ ಟೇಪು ಸುತ್ತುವ ಸದ್ದಷ್ಟೇ ಕೇಳಿಸಿತು. ತಂಗಿ ಎನ್ನುತ್ತಾಳೆಂದು ನೀಲಾಬಾಯಿ ಕಾದಳು.

"ಈಕಿ ನಮ್ಮ ಮನಿ ಹುಡುಗಿ," ಎಂದಳು ತುಳಜಾಬಾಯಿ.

ಪ್ರಾಜಕ್ತಾ ನಿಲ್ಲಿಸಿದಳು. ನೀಲಾಬಾಯಿ ಯೋಚಿಸದೆ ತಿರುಗಿಸಿ ಹೇಳಿದಳು: "ಹೀ ಆಮಚ್ಯಾ ಘರಚೀ ಮುಲಗೀ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಮರಾಠಿಯಲ್ಲಿ ಹುಡುಗಿಗೂ ಮುಲಗಿ, ಮಗಳಿಗೂ ಮುಲಗಿ.

ಪ್ರಾಜಕ್ತಾಳ ಬೆರಳು ತಡೆದವು. "ಈಗಷ್ಟ ಮಕ್ಕಳಿಲ್ಲ ಅಂದ್ರಲ್ಲ ಮಾವಶಿ. ಮುಲಗಿ ಅಂದ್ರ ಇಲ್ಲಿ ಯಾರು? ಕೆಲಸದಾಕಿ? ಕಂಸದೊಳಗ ಹಾಕಬೇಕು ನಾ, ಮುಂದ ಓದವ್ರಿಗಿ ತಿಳೀಬೇಕು."

ನೀಲಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಲೂನಾ ಕೊನೆಗೂ ಶುರುವಾಗಿ ದೂರ ಹೋಯಿತು.

"ಆಕಿ ಅಂದದ್ದು ಅಷ್ಟ," ಎಂದಳು. "ಮುಲಗಿ ಅಂತ ಬರಿ."

"ಕಂಸದೊಳಗ?"

"ಏನೂ ಹಾಕಬ್ಯಾಡ."

ಪ್ರಾಜಕ್ತಾ ಅವಳ ಮುಖವನ್ನೊಮ್ಮೆ ನೋಡಿದಳು. ಬರೆದು, ಕ್ಯಾಸೆಟ್ಟು ಮುಂದುವರಿಸಿದಳು.

ಯಾರೋ ಚಹಾ ಹೀರಿದ ಸದ್ದು. ಆಮೇಲೆ ತುಳಜಾಬಾಯಿಯ ದನಿ, ರಂಗದ ಮೇಲಿನದಲ್ಲ, ಮನೆಯದು: "ನೀಲಾ, ಸಕ್ಕರಿ ಕಡಿಮಿ ಆಗ್ಯಾದ ನೋಡು."

ಪ್ರಾಜಕ್ತಾ ತಲೆಯೆತ್ತಿದಾಗ ನೀಲಾಬಾಯಿ ಕುರ್ಚಿಯ ಕೈಗಳನ್ನು ಹಿಡಿದು, ನೋಯುವ ಮೊಣಕಾಲಿನ ಮೇಲೆ ಭಾರ ಹಾಕಿ, ಅರ್ಧ ಎದ್ದು ನಿಂತಿದ್ದಳು.