ಅಮ್ಮನ ಗೇಣು

ಪ್ಲಂಬರ್ ಗೋಡೆಗೆ ಉಳಿ ಇಟ್ಟು ಸುತ್ತಿಗೆ ಎತ್ತುವಷ್ಟರಲ್ಲಿ ಮಗಳು ಅಡ್ಡ ಬಂದು ನಿಂತಳು.

"ಸ್ವಲ್ಪ ತಡೀರಿ. ಪಕ್ಕದಲ್ಲೇ ವೈರ್ ಹೋಗಿದೆ."

"ಎಲ್ಲಿ ಅಂತ ನಿಮಗೆ ಗೊತ್ತಾ?"

ಗೊತ್ತಿರಲಿಲ್ಲ. ಗೊತ್ತಿದ್ದವಳು ಅದೇ ಹಜಾರದಲ್ಲಿ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಅಮ್ಮ ಹೋಗಿ ಇನ್ನೂ ಒಂದು ದಿನ ತುಂಬಿರಲಿಲ್ಲ. ಬೆಳಗ್ಗೆಯಿಂದ ಗೋಡೆ ಒಳಗೊಳಗೇ ಒಸರಿ ಆಳೆತ್ತರ ಒದ್ದೆಯಾಗಿತ್ತು. ನೀರು ಬಂದ್ ಮಾಡಿದ್ದಾಯಿತು. ಆದರೆ ಮನೆ ತುಂಬ ಜನ. ಸಂಜೆ ಅಮ್ಮನನ್ನು ಕರೆದೊಯ್ಯುವವರೆಗೆ ನೀರಿಲ್ಲದೆ ಹೇಗೆ?

"ಜಾಯಿಂಟ್ ಎಲ್ಲಿದೆ ಅಂತ ಗೊತ್ತಿದ್ರೆ ಅಂಗೈಯಗಲ ಒಡೆದ್ರೆ ಸಾಕು," ಎಂದ ಪ್ಲಂಬರ್. "ಇಲ್ಲಾಂದ್ರೆ ಗೋಡೆ ಪೂರ್ತಿ ಕೆತ್ತಿ ಹುಡುಕಬೇಕಾಗುತ್ತೆ."

"ಹಾಗಾದ್ರೆ ಅಮ್ಮನ್ನ ಹೊರಗೆ ಶೆಡ್ಡಿಗೆ ಸಾಗಿಸೋಣ. ಧೂಳಲ್ಲಿ ಹೇಗೆ ಇಡೋದು?" ಎಂದ ಅಣ್ಣ, ಮೊಳೆಯಿಂದ ಶೆಡ್ಡಿನ ಬೀಗದ ಕೈ ತೆಗೆಯುತ್ತ.

ಮಗಳು ಒಪ್ಪಲಿಲ್ಲ. ಒಂದೊಂದು ಇಟ್ಟಿಗೆಗೂ ಕಾವಲು ನಿಂತು ಅಮ್ಮ ರಿಪೇರಿ ಮಾಡಿಸಿದ ಮನೆ ಇದು. ಉಳಿದ ನಾಲ್ಕು ತಾಸಾದರೂ ಅವಳು ಇಲ್ಲೇ ಇರಬೇಕು.

"ಅಮ್ಮ ಎಲ್ಲಾ ಬರೆದಿಟ್ಟಿದ್ದಾಳೆ ಕಣೋ," ಎನ್ನುತ್ತ ಅವಳು ಬೀರು ತಡಕಾಡತೊಡಗಿದಳು.

*

ಹನ್ನೆರಡು ವರ್ಷದ ಹಿಂದೆ ಗಾರೆ ಮೇಸ್ತ್ರಿ ಸಿಮೆಂಟು ಕಲಸಿಕೊಂಡು ಇದೇ ಗೋಡೆಯ ಮುಂದೆ ಕಾಯುತ್ತಿದ್ದ. ಅಮ್ಮನೋ ಹಿಡಿದ ಪಟ್ಟು ಬಿಡುವವಳಲ್ಲ. ಪೈಪು ಮುಚ್ಚುವ ಮುಂಚೆ ಕಿಟಕಿಯಿಂದ ಗೇಣು ಹಾಕುತ್ತ ನಿಂತಿದ್ದಳು.

"ಏನಮ್ಮಾ, ಗೋಡೆಗೆ ಅಂಗಿ ಹೊಲಿಸ್ತೀರಾ?"

"ಮುಚ್ಚಿದ ಮೇಲೆ ನೀನು ಸಿಗ್ತೀಯಾ? ಈಗಲೇ ಫೋನ್ ಎತ್ತಲ್ಲ."

"ಟೇಪಲ್ಲಿ ಅಳೀಬಾರ್ದಾ ಅಮ್ಮ?" ಎಂದು ಮಗಳೂ ಕೇಳಿದ್ದಳು.

"ಬೇಕಾದಾಗ ಟೇಪ್ ಸಿಕ್ಕಿದ್ದುಂಟಾ? ಕೈ ಎಲ್ಲಿಗೆ ಹೋಗುತ್ತೆ?"

*

ಹಳೆಯ ನೋಟ್‌ಬುಕ್ ಸಿಕ್ಕಿತು. 'ಹಜಾರದ ಜಾಯಿಂಟ್: ಕಿಟಕಿಯಿಂದ ಏಳು ಗೇಣು, ನೆಲದಿಂದ ಐದು. ವೈರ್ ಇನ್ನೂ ಅರ್ಧ ಗೇಣು ಬಲಕ್ಕೆ.'

ಪ್ಲಂಬರ್ ತನ್ನ ಅಗಲ ಕೈಯಲ್ಲಿ ಅಳೆದು ಗುರುತು ಹಾಕಿದ. ಮಗಳೂ ಅಳೆದಳು. ಎರಡು ಗುರುತುಗಳ ನಡುವೆ ಒಂದು ಗೇಣಿಗೂ ಹೆಚ್ಚು ಅಂತರ ಬಿತ್ತು.

"ಇದು ಯಾರ ಗೇಣು?" ಎಂದ ಪ್ಲಂಬರ್.

ಅಮ್ಮನ ತಲೆಯ ಬಳಿ ಕೂತಿದ್ದ ದೊಡ್ಡಮ್ಮ ಮೂಗು ಒರೆಸಿಕೊಂಡಳು.

"ಅವಳ ಕೈ ಇಲ್ಲೇ ಇದೆಯಲ್ಲೇ. ಬಂದು ನೋಡ್ಕೋ. ಬೇಜಾರು ಮಾಡ್ಕೊಳ್ಳೋಳಲ್ಲ, ಈ ಕೆಲಸ ಅಂದ್ರೆ ಎದ್ದು ಕೂರ್ತಿದ್ಲು."

ಅಳುತ್ತಿದ್ದವರೂ ನಕ್ಕರು. ಮಗಳು ನೆಲಕ್ಕೆ ಕೂತು, ಹೊದಿಕೆಯಿಂದ ತಣ್ಣಗಿನ ಆ ಕೈಯನ್ನು ಹೊರಗೆ ತೆಗೆದು, ಹೆಬ್ಬೆರಳಿಗೆ ಹೆಬ್ಬೆರಳು ಸೇರಿಸಿ ತನ್ನ ಅಂಗೈಯನ್ನು ಅದಕ್ಕೆ ಜೋಡಿಸಿದಳು. ಅಮ್ಮ ಇಷ್ಟು ಸಣ್ಣವಳಿದ್ದಳೇ? ಅಮ್ಮನ ಕಿರುಬೆರಳು ಇವಳ ಕಿರುಬೆರಳಿನ ಮೇಲಿನ ಗೆರೆಗೇ ನಿಂತಿತ್ತು. ಆ ಗೆರೆಯನ್ನು ಇನ್ನೊಂದು ಕೈಯ ಹೆಬ್ಬೆರಳಿಂದ ಒತ್ತಿ ಹಿಡಿದುಕೊಂಡೇ ಎದ್ದಳು. ಗೆರೆಯವರೆಗಿನ ಗೇಣಿನಲ್ಲಿ ಕಿಟಕಿಯಿಂದ ಏಳು, ನೆಲದಿಂದ ಐದು ಎಣಿಸಿದಳು.

"ಇಲ್ಲಿ ಒಡೀರಿ."

ಅಂಗೈಯಗಲ ಗಾರೆ ಉದುರಿತು. ಒಳಗೆ ಜಾಯಿಂಟ್ ಹನಿ ಕಟ್ಟಿಕೊಂಡು ಹೊಳೆಯುತ್ತಿತ್ತು.

"ಪಕ್ಕಾ ಲೆಕ್ಕ," ಎಂದ ಪ್ಲಂಬರ್, ತಲೆತಗ್ಗಿಸಿ. ಅಣ್ಣ ಶೆಡ್ಡಿನ ಬೀಗದ ಕೈಯನ್ನು ಮತ್ತೆ ಮೊಳೆಗೆ ತಗುಲಿಸಿದ.

ಅರ್ಧ ತಾಸಿನಲ್ಲಿ ಹೊಸ ಜಾಯಿಂಟ್ ಕೂತು ಅಡುಗೆಮನೆಯಲ್ಲಿ ನೀರು ಬಂತು. ಪ್ಲಂಬರ್ ಸಿಮೆಂಟು ಕಲಸಿದಾಗ ಮಗಳು ಅವನನ್ನು ಇನ್ನೊಮ್ಮೆ ತಡೆದಳು. ಕಿಟಕಿಯಿಂದ ತನ್ನ ಪೂರ್ತಿ ಗೇಣು ಹಾಕಿ ಅಳೆದು, ಅಮ್ಮನ ಬರಹದ ಎದುರಿನ ಹಾಳೆಯಲ್ಲಿ ಬರೆದಳು. ಆಮೇಲೆ ಅದರ ಕೆಳಗೆ ಎಡಗೈಯನ್ನು ಅಗಲಿಸಿಟ್ಟು, ಸುತ್ತ ಪೆನ್ನು ಓಡಿಸಿದಳು. ಹಾಳೆ ಸಾಲಲಿಲ್ಲ, ಕಿರುಬೆರಳಿನ ಗೆರೆ ನಡುವಿನ ಮಡಿಕೆ ದಾಟಿ ಅಮ್ಮನ ಅಕ್ಷರಗಳ ನಡುವೆ ಹೋಗಿ ನಿಂತಿತು.