ಸಿತಾರಾಳ ಮೊಳಕೈ

ನನ್ನ ಎಡ ಮೊಳಕೈ ಇನ್ನೂ ಜೋತುಬೀಳುತ್ತದೆ. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತವಳು ಚಿಂತೆ ಮಾಡಬೇಕಾದ ಸಂಗತಿ ಇದಲ್ಲ, ಗೊತ್ತು. ಆದರೂ ಡೈರಿಯಲ್ಲಿ ದಿನಾ ಬರೆಯುವುದು ಇದನ್ನೇ.

ಉಣಕಲ್ಲಿನಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಿರುಪಮಾ ಮೇಡಂ ಬ್ಯಾಲೆ ನೃತ್ಯ ಕಲಿಸುತ್ತಾರೆ. ತೋಳು ತಿದ್ದಲು ಅವರದೊಂದು ರೂಢಿ: ಚಮಚದಿಂದ ನಮ್ಮ ಭುಜದ ಮೇಲೆ ಒಂದು ಹನಿ ನೀರು ಬಿಡುತ್ತಾರೆ. ತೋಳನ್ನು ಪಕ್ಕಕ್ಕೆ ದುಂಡಗೆ ಚಾಚಿದಾಗ ಹನಿ ಮೊಳಕೈ ದಾಟಿ ಬೆರಳತುದಿಯಿಂದ ಉದುರಬೇಕು. ನನ್ನದು ಮೊಳಕೈಯಲ್ಲೇ ಉದುರುತ್ತದೆ.

"ಸುಮಲತಾ, ನಿನ್ನ ಕೈ ಒಣಾ ಹಾಕಿದ ಅಂಗಿ ತೋಳಿನಂಗ ಆಗೇದ ನೋಡು," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ.

ಆದರೂ ಬರುವ ತಿಂಗಳಿಂದ ಚಿಕ್ಕವರ ತರಗತಿ ಪೂರ್ತಿ ನನಗೇ ಎಂದಿದ್ದರು. ನನ್ನದು ಎನ್ನಬಹುದಾದ ಮೊದಲ ಕೆಲಸ. ಒಂದೇ ಮಾತು ಎಚ್ಚರಿಸಿದ್ದರು: "ಮಕ್ಕಳ ಕೈ ಹಿಡದು ಎಂದೂ ಜಗ್ಗಬ್ಯಾಡ. ಮೊಳಕೈ ಕೆಳಗ ಎರಡು ಬೊಟ್ಟು ಇಡು, ಸಾಕು. ತಾನ ಏಳ್ತದ."

ಚಿಕ್ಕವರ ತರಗತಿಯ ಸಿತಾರಾಗೆ ಐದು ವರ್ಷ. ಮಂಗಳವಾರ ಉಳಿದ ಮಕ್ಕಳು ಹೋಗಿದ್ದರು, ಮೇಡಂ ಕೆಳಗೆ ಚಹಾ ಕುಡಿಯುತ್ತಿದ್ದರು. ಕರೆದೊಯ್ಯಲು ಬರುವ ಅಜ್ಜಿ ಹಾಜರಾಬಿ ಇನ್ನೂ ಬಂದಿರಲಿಲ್ಲ. ಇನ್ನೊಮ್ಮೆ ಮಾಡಿಸೋಣವೆಂದು ನಾನೇ ಹನಿ ಬಿಟ್ಟೆ. ನಾಲ್ಕು ಸಲವೂ ಅದು ಮೊಳಕೈಯಲ್ಲೇ ಉದುರಿತು. ನನ್ನದೇ ತೋಳು ಎದುರಿಗೆ ನಿಂತಂತೆ ಕಂಡು ಸಿಟ್ಟು ಬಂತು. ಅವಳ ಅಂಗೈ ಹಿಡಿದು ಜಗ್ಗಿ ತಿರುವಿದೆ. ಒಳಗೆ ಏನೋ ಸಣ್ಣಗೆ ಟಕ್ ಎಂದಿತು. ಒಮ್ಮೆ ಚೀರಿ, ಕೈಯನ್ನು ಹೊಟ್ಟೆಗೆ ಅವಚಿಕೊಂಡು ಕುಳಿತುಬಿಟ್ಟಳು.

"ಯಾರಿಗೂ ಹೇಳಬ್ಯಾಡ ಹಾಂ? ಛಲೋ ಹುಡಿಗಿ ಅಲ್ಲ ನೀನು?" ಎಂದೆ. ತಲೆಯಾಡಿಸಿದಳು. ಅಜ್ಜಿಗೆ "ದಣದಾಳ್ರಿ" ಎಂದೆ. ಆ ದಿನವೂ ಡೈರಿಯಲ್ಲಿ ನನ್ನ ಮೊಳಕೈಯ ಬಗ್ಗೆಯಷ್ಟೇ ಬರೆದೆ.

ಶುಕ್ರವಾರ ಹಾಜರಾಬಿ ಒಬ್ಬರೇ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ ಸಿತಾರಾಳ ಹೆಸರು ತೆಗೆಯಿರಿ ಎಂದರು.

"ಕೂಸಿನ ಮೊಳಕೈ ಸರದಿತ್ತಂತ್ರಿ ಮೇಡಂ. ಡಾಕ್ಟರ್ ಕೂಡಿಸ್ಯಾರ. ಯಾರೋ ಕೈ ಹಿಡದು ಜಗ್ಗ್ಯಾರ ಅಂದ್ರು."

"ಅಯ್ಯ, ಯಾರ್ರಿ?"

"ಮತ್ಯಾರು? ನಾನ. ಚಿಗರಿ ಬಸ್ಸಿಂದ ಇಳಿಯೂಮುಂದ ಬಾಗಲಾ ತಾವ ಮುಚ್ಚತಾವಂತ ಗಡಿಬಿಡಿ ಮಾಡಿದ್ದೆ. ಜಗ್ಗಿದ್ದು ನೆನಪಿಲ್ಲ. ಎಪ್ಪತ್ತು ವರ್ಷದಾಕಿ ನೆನಪಿಗೆ ಏನ್ ಕಿಮ್ಮತ್ತು?" ನಗಲು ನೋಡಿದರು. "ಕೂಸಿಗೆ ಯಾರ ಕೇಳಿದ್ರೂ, 'ನಾ ಛಲೋ ಹುಡಿಗಿ, ಹೇಳೂದಿಲ್ಲ' ಅಂತದ. ಅಜ್ಜೀನ ಉಳಸಾಕ ಹಂಗಂತದ ಅಂತಾನ ನನ್ನ ಮಗ ಜಾಕೀರ. 'ಅಮ್ಮೀ, ಇನ್ನಮ್ಯಾಲೆ ಆಕೀನ ಮುಟ್ಟಬ್ಯಾಡ' ಅಂದ. ಮೂರು ದಿನ ಆತು, ನನ್ನ ಮಗ್ಗಲಕ ಮಲಗಾಕೂ ಬಿಟ್ಟಿಲ್ಲ."

"ವಯಸ್ಸಾದ ಮ್ಯಾಲೆ ಹಿಂಗ ಆಗ್ತದ್ರಿ. ಮನಸಿಗೆ ಹಚಗೋಬ್ಯಾಡ್ರಿ," ಎಂದರು ಮೇಡಂ.

ಹಾಜರಾಬಿ ನನ್ನತ್ತ ತಿರುಗಿ ನನ್ನ ಕೈ ಹಿಡಿದರು. "ಹಿಂಗ ಹಿಡದಿದ್ನೇನೋ ಬೇಟಾ? ನೀನರ ಹೇಳು, ಹಿಂಗ ಹಿಡದ್ರ ಸರೀತದ?"

ಗಂಟುಗಟ್ಟಿದ ಬೆರಳುಗಳು ನನ್ನ ಅಂಗೈ ಸುತ್ತ ಪೂರಾ ಮಡಚಲೂ ಇಲ್ಲ. ಅವರು ಜಗ್ಗಿ ತೋರಿಸಿದರು. ನನ್ನ ತೋಳು ಇದ್ದಲ್ಲಿಂದ ಕದಲಲಿಲ್ಲ. ಇನ್ನೊಮ್ಮೆ ಜಗ್ಗಿದರು. ಮೇಡಂ ರಿಜಿಸ್ಟರ್ ತೆರೆದು ಸಿತಾರಾಳ ಹೆಸರು ಹುಡುಕುತ್ತಿದ್ದರು.

"ನೀವಲ್ರಿ ಅಜ್ಜಿ," ಎಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಎಂದೆ, ಇಬ್ಬರಿಗೂ ಕೇಳುವಂತೆ: "ನೀವಲ್ಲ. ಸಿತಾರಾನ ಕೈ ಜಗ್ಗಿದಾಕಿ ನಾನು."