ಪಡುವಣ ಗೋಡೆ

ದಲ್ಲಾ ಬೀಸಿದ ಗುದ್ದಲಿಗೆ ಹುಲ್ಲುಹೆಂಟೆಯ ಗೋಡೆಯಿಂದ ಮಣ್ಣು ಕುಸಿದು ಅವಳ ಕಾಲ ಮೇಲೆ ಬಿತ್ತು.

"ಏಯ್, ಅದು ಪಡುವಣ ಗೋಡೆ ಕಣೇ!" ಅಂಗಳದಿಂದ ಸೋದರಮಾವ ಬೆರ್ಸಿ ಕೂಗಿದ. "ನಮ್ಮ ಮನೆತನದ ಸಮಾಧಿ ದಿಬ್ಬ ಇರೋದು ಮೂಡಣಕ್ಕೆ."

"ಗೊತ್ತು ಮಾವ. ಅಪ್ಪನ್ನ ಹೂತಿರೋದು ಪಡುವಣಕ್ಕೆ."

"ಊರಾಚೆ ಹಾಕಿದೋನ ಪಕ್ಕಕ್ಕೆ ನನ್ನ ತಂಗೀನ ಕಳಿಸಲ್ಲ. ಬದುಕಿದ್ದಾಗ ಮಾನ ಕಳೆದಳು, ಈಗಲಾದ್ರೂ ನಮ್ಮೋರ ಜೊತೆ ಮಲಗಲಿ."

ದಲ್ಲಾ ಮತ್ತೆ ಬೀಸಿದಳು. ಬೆಳಕು ಒಳನುಗ್ಗಿ ತಾಯಿ ಯೋರುನ್ನಳ ಹೆಣದ ಮೇಲೆ ಬಿತ್ತು. ಬಾಗಿಲಿಂದ ಹೋದ ಹೆಣ ದಾರಿ ನೆನಪಿಟ್ಟು ಮರಳುತ್ತದೆಂದು ಆ ಹಿಮದ ನಾಡಿನಲ್ಲಿ ಗೋಡೆ ಒಡೆದೇ ಹೊರಗೆ ಒಯ್ಯುವುದು, ಆಮೇಲೆ ಮುಚ್ಚಿಬಿಡುವುದು.

ಹೆಣದ ಕಾಲಿಗೆ ಕೊನೆಯ ಪಯಣದ ಜೋಡು ಕಟ್ಟುತ್ತಿದ್ದ ನೆರೆಮನೆಯ ಮುದುಕಿ ಗ್ರೋವಾ ತಲೆಯೆತ್ತಲಿಲ್ಲ. "ಒಡೆದಾಯ್ತಲ್ಲ ಬೆರ್ಸಿ. ಒಡೆದ ಗೋಡೆ ಸುಮ್ಮನೆ ಮುಚ್ಚಿದ್ರೆ ಇನ್ನೊಂದು ಹೆಣ ಕೇಳುತ್ತೆ. ನೀನು ಮಲಗ್ತೀಯೇನಪ್ಪ?"

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

*

ವರ್ಷಗಳ ಹಿಂದೆ, ಕುದುರೆ ಜಗಳದಲ್ಲಿ ಕೊಲೆ ಮಾಡಿದ ದಲ್ಲಾಳ ಅಪ್ಪ ಕೆಟಿಲ್‌ನನ್ನು ಊರ ಸಭೆ ಊರಾಚೆ ಹಾಕಿತ್ತು. ತುತ್ತು ಕೊಟ್ಟವರಿಗೂ ಶಿಕ್ಷೆ. ಯೋರುನ್ನ್ ಮಾತ್ರ ಒಣಮೀನು ಕಟ್ಟಿಕೊಂಡು ಲಾವಾ ಬಂಡೆಗಳ ನಡುವಿನ ಗವಿಗೆ ಹೋಗುತ್ತಿದ್ದಳು. ಅವನು ಜ್ವರದಲ್ಲಿ ಮಲಗಿದ ಚಳಿಗಾಲ ಗವಿಯ ಸೂರು ತೊಟ್ಟಿಕ್ಕಿತು. ಗಂಡನ ಮುಖದ ಮೇಲೆ ಮರದ ಬಟ್ಟಲು ಹಿಡಿದು ಕೂತಳು. ತುಂಬಿದಾಗ ಚೆಲ್ಲಿ ಬಂದಳು.

"ಬಂದಳು ನೋಡಿ ಸಿಗಿನ್," ಎಂದು ಅವಳು ಊರಿಗೆ ಮರಳಿದಾಗ ಬೆರ್ಸಿ ಎಲ್ಲರೆದುರು ಹಂಗಿಸಿದ. "ಲೋಕಿಯ ಹೆಂಡತಿ!"

"ಹಾಗೇ ಕರಿ ಅಣ್ಣ," ಎಂದಳು ಯೋರುನ್ನ್. "ದೇವತೆಗಳು ಆ ಮೋಸಗಾರ ಲೋಕೀನ ಗವೀಲಿ ಕಟ್ಟಿಹಾಕಿ, ಮುಖಕ್ಕೆ ಹಾವಿನ ವಿಷ ತೊಟ್ಟಿಕ್ಕೋ ಹಾಗೆ ಮಾಡಿ, ಊಟಕ್ಕೆ ಹೋದರು. ಬಟ್ಟಲು ಹಿಡಿದವಳು ಸಿಗಿನ್ ಒಬ್ಬಳೇ. ನಿನಗೆ ಹಿಡಿಯೋರು ಯಾರಿದ್ದಾರೆ?"

ಬೆರ್ಸಿಯ ಹೆಂಡತಿ ತವರಿಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು.

*

ಕೆಟಿಲ್‌ನ ಸಮಾಧಿಯ ಕಲ್ಲುರಾಶಿಯ ಪಕ್ಕ ಕುಣಿ ತೋಡಿ ಯೋರುನ್ನಳನ್ನು ಇಳಿಸಿದರು. ಹೊರಲು ಹೆಗಲು ಕೊಡದ ಬೆರ್ಸಿ ಹಿಂದೆ ಹಿಂದೆ ಬಂದು ದೂರ ನಿಂತಿದ್ದ. ದಲ್ಲಾ ತಾಯಿಯ ಕೈಗಳ ನಡುವೆ ಆ ಮರದ ಬಟ್ಟಲನ್ನಿಟ್ಟಳು.

"ಬೋರಲು ಹಾಕೇ," ಎಂದ ಬೆರ್ಸಿ. "ಇನ್ನಾದ್ರೂ ಕೈ ಸುಧಾರಿಸಿಕೊಳ್ಳಲಿ."

"ಇಲ್ಲ ಮಾವ. ಅವಳು ಹಿಡಿದಂಗೇ ಇರಲಿ."

ಹಿಮ ಬೆರೆತ ಮಳೆ ಶುರುವಾಯಿತು. ಎಲ್ಲರೂ ಮುಚ್ಚುಗಲ್ಲು ಹೊತ್ತು ತರುವಷ್ಟರಲ್ಲಿ ಬಟ್ಟಲು ತುಂಬಿ ಅಂಚಿಗೆ ಬಂದಿತ್ತು.

ಬೆರ್ಸಿ ಕುಣಿಗಿಳಿದ. ಮಂಡಿಯೂರಿ, ಬಟ್ಟಲ ನೀರನ್ನು ಆಚೆಗೆ ಚೆಲ್ಲಿದ. ಅಷ್ಟು ಹೊತ್ತೂ ಅವನ ಇನ್ನೊಂದು ಅಂಗೈ ತಂಗಿಯ ಮುಖದ ಮೇಲೆ, ಮುಟ್ಟದೆ, ಮಳೆಗೆ ಅಡ್ಡ ಹಿಡಿದಿತ್ತು.